ಲಿಫ್ಟಿನ ಪ್ರಾಣ

‘ತಕ್ಷಣ’ ಎಂಬ ಪದದ ಮೇಲೆ ಸಾಹೇಬರು ಕೆಂಪು ಶಾಯಿಯ ಗೆರೆ ಎಳೆದರು.

“ತಕ್ಷಣ ಅಂತ ಬರೆದ್ರೆ ಜನ ತಕ್ಷಣ ಅಂತಲೇ ತಿಳ್ಕೊಂಡ್ಬಿಡ್ತಾರಮ್ಮ. ಬೇರೆ ಏನಾದ್ರೂ ನೋಡು.”

ಅನುವಾದ ವಿಭಾಗದ ಹುಡುಗಿ ಕಾಗದವನ್ನು ವಾಪಸು ತೆಗೆದುಕೊಂಡಳು. ಒಂದೇ ಸಾಲಿನ ಪ್ರಕಟಣೆ. ಕೆಟ್ಟು ನಿಂತ ಲಿಫ್ಟನ್ನು ‘ಫೋರ್ತ್‌ವಿತ್’, ಅಂದರೆ ತಕ್ಷಣ, ದುರಸ್ತಿ ಮಾಡಲಾಗುವುದು ಎಂದು ಸಾಹೇಬರು ಇಂಗ್ಲಿಷಿನಲ್ಲಿ ಸಹಿ ಹಾಕಿ ಗೋಡೆಗೆ ಹಚ್ಚಿಸಿ ಹನ್ನೊಂದು ತಿಂಗಳಾಗಿತ್ತು. ಲಿಫ್ಟು ಅಲ್ಲಾಡಿರಲಿಲ್ಲ. ಸಾಹೇಬರ ಕೋಣೆ ಮೊದಲ ಮಹಡಿಯಲ್ಲಿದ್ದುದರಿಂದ ಅವರ ಪಾಲಿಗೆ ಲಿಫ್ಟು ಬರೀ ಸಾಹಿತ್ಯದ ವಿಷಯ. ಇಂಗ್ಲಿಷ್ ಬಾರದವರಿಗೆ ಅನ್ಯಾಯವಾಗಬಾರದೆಂದು ಈಗ ಆ ಸಾಲನ್ನು ಜನರ ಭಾಷೆಗೆ ತರುವ ಅಪ್ಪಣೆಯಾಗಿತ್ತು.

ಆ ಪದ ಗೋಡೆಯ ಮೇಲಷ್ಟೇ ಇದ್ದಿದ್ದರೆ ಹುಡುಗಿ ನಕ್ಕು ಸುಮ್ಮನಾಗುತ್ತಿದ್ದಳು. ಅದು ದೊಡ್ಡಮ್ಮನ ಮೊಣಕಾಲಿಗೂ ಬಂದು ಕೂತಿತ್ತು. ದೊಡ್ಡಮ್ಮ ಎಂದರೆ ನಾಲ್ಕನೇ ಮಹಡಿಯ ಟೈಪಿಸ್ಟ್. ಯಾರಿಗೂ ನೆಂಟಳಲ್ಲ, ಎಲ್ಲರಿಗೂ ದೊಡ್ಡಮ್ಮ. ನಿವೃತ್ತಿಗೆ ಇನ್ನೂ ಎರಡು ವರ್ಷ. ಹೀಗೇ ಮೆಟ್ಟಿಲು ಹತ್ತುತ್ತಿದ್ದರೆ ಕಾಲು ನಿಮ್ಮ ಮಾತು ಕೇಳುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಕೆಳಗಿನ ಟಪಾಲು ವಿಭಾಗದಲ್ಲಿ ಒಂದು ಮೇಜು ಕೊಡಿ ಎಂದು ಆಕೆ ಅರ್ಜಿ ಹಾಕಿದಳು. ಅದು ಮರುದಿನವೇ ತಿರುಗಿ ಬಂತು. ಆ ಕಚೇರಿಯಲ್ಲಿ ಮರುದಿನವೇ ಆಗುವ ಕೆಲಸ ಅದೊಂದೇ. ಅಂಚಿನಲ್ಲಿ ಷರಾ ಇತ್ತು: ಲಿಫ್ಟು ಫೋರ್ತ್‌ವಿತ್ ದುರಸ್ತಿಯಾಗಲಿರುವುದರಿಂದ ಮೇಜಿನ ಪ್ರಶ್ನೆ ಉದ್ಭವಿಸುವುದಿಲ್ಲ.

ಅಜ್ಜಿ ಹೇಳುತ್ತಿದ್ದ ಕಥೆಗಳಲ್ಲಿ ರಾಕ್ಷಸನ ಪ್ರಾಣ ಏಳು ಸಮುದ್ರದಾಚೆ ಒಂದು ಗಿಳಿಯೊಳಗೆ ಇರುತ್ತಿತ್ತು. ಈ ಲಿಫ್ಟಿನ ಪ್ರಾಣವೂ ಈ ಪದದೊಳಗೇ ಇರಬೇಕು ಎಂದುಕೊಂಡು ಹುಡುಗಿ ಒಂದು ವಾರ ದಪ್ಪ ದಪ್ಪ ನಿಘಂಟುಗಳನ್ನು ಕೆದಕಿದಳು. ಗಿಳಿಯೇನೋ ಸಿಕ್ಕಿತು, ತೀರ ಮುದಿಯಾಗಿತ್ತು. ನೂರಾರು ವರ್ಷಗಳ ಹಿಂದೆ ಆ ಪದಕ್ಕೆ ‘ಜೊತೆಜೊತೆಗೇ’ ಎಂಬ ಅರ್ಥವಿತ್ತಂತೆ. ಆಮೇಲೆ ‘ಕೂಡಲೇ’ ಆಯಿತು. ಹಳೆಯ ಇಂಗ್ಲಿಷ್ ನ್ಯಾಯಾಲಯಗಳಲ್ಲಿ ಫೋರ್ತ್‌ವಿತ್ ಉತ್ತರ ಕೊಡು ಎಂದರೆ ಇಪ್ಪತ್ತನಾಲ್ಕು ಗಂಟೆಯೊಳಗೆ ಕೊಡು ಎಂದು. ಬರುಬರುತ್ತಾ ಕಾನೂನು ಬಲ್ಲವರು ಅದನ್ನು ಎಳೆದೆಳೆದು, ಸಂದರ್ಭ ನೋಡಿಕೊಂಡು ಯುಕ್ತ ಕಾಲದೊಳಗೆ ಎಂಬಲ್ಲಿಗೆ ತಂದು ಬಿಟ್ಟರು. ಕೇಳಿ ನಾಚಿಕೊಂಡಾದರೂ ಸಾಹೇಬರು ಮೆಕ್ಯಾನಿಕ್ಕಿಗೆ ಫೋನು ಮಾಡಿಯಾರು ಎಂಬ ಆಸೆಯಿಂದ ಹುಡುಗಿ ಇದನ್ನೆಲ್ಲ ಅವರ ಮುಂದೆ ಒಪ್ಪಿಸಿದಳು. ಮೊದಲ ಮೂರು ಅರ್ಥಗಳಿಗೆ ಸಾಹೇಬರು ಆಕಳಿಸಿದರು. ನಾಲ್ಕನೆಯದಕ್ಕೆ ಕುರ್ಚಿಯಲ್ಲಿ ನೆಟ್ಟಗೆ ಕುಳಿತರು.

“ಇದೇ ಕಣಮ್ಮ ನನಗೆ ಬೇಕಾಗಿದ್ದು. ಹಾಕು.”

“ಸಂದರ್ಭ ಅಂದ್ರೆ ಯಾರ ಸಂದರ್ಭ ಸಾರ್?”

“ಆಫೀಸಿಂದು.”

‘ಸಂದರ್ಭಾನುಸಾರ ಯುಕ್ತ ಕಾಲದೊಳಗೆ’ ಎಂದು ಪ್ರಕಟಣೆ ಟೈಪಾಯಿತು. ಟೈಪು ಮಾಡಿದವಳು, ಎಂಬತ್ತನಾಲ್ಕು ಮೆಟ್ಟಿಲು ಹತ್ತಿ ಬಂದ ದೊಡ್ಡಮ್ಮ. ಒಂದು ಅಕ್ಷರವೂ ತಪ್ಪಿರಲಿಲ್ಲ. ಮುಗಿಸಿ, ಮೊಣಕಾಲು ನೀವಿಕೊಳ್ಳುತ್ತಾ, ಅಷ್ಟೊಂದು ಓದಿದ್ದಕ್ಕೆ ಒಳ್ಳೇ ಫಲ ಸಿಕ್ಕಿತು ಕಣೇ ಮಗಳೇ ಎಂದಳು. ಹುಡುಗಿಗೆ ತಲೆ ಎತ್ತಲಾಗಲಿಲ್ಲ.

ಮುಂದಿನ ಸೋಮವಾರ ಸಾಹೇಬರ ಬಡ್ತಿಗೆ ಬೇಕಾದ ವಿವರಣೆ ಮಧ್ಯಾಹ್ನ ಹನ್ನೆರಡರೊಳಗೆ ಮೇಲಧಿಕಾರಿಗಳಿಗೆ ಹೋಗಬೇಕಿತ್ತು. ಹತ್ತು ಪುಟ ಕೈಬರಹ. ಅದನ್ನು ಓದಬಲ್ಲವಳು ಇಡೀ ಕಚೇರಿಗೆ ದೊಡ್ಡಮ್ಮ ಒಬ್ಬಳೇ. ಕೆಲವು ಸಾಲುಗಳ ಬಗ್ಗೆ ಬರೆದವರಿಗೇ ಅನುಮಾನ. ಹತ್ತೂವರೆಯಾದರೂ ಆಕೆ ಸೀಟಿನಲ್ಲಿರಲಿಲ್ಲ. ಎಲ್ಲಿದ್ದರೂ ಹುಡುಕಿ ಮೇಲೆ ಕಳಿಸು ಎಂದು ಸಾಹೇಬರು ಹುಡುಗಿಯನ್ನು ಓಡಿಸಿದರು. ದೊಡ್ಡಮ್ಮ ಕೆಳಗೆ, ಮೊಟ್ಟಮೊದಲ ಮೆಟ್ಟಿಲ ಮೇಲೆ, ತಾನೇ ಟೈಪು ಮಾಡಿದ ಪ್ರಕಟಣೆಯ ಪಕ್ಕ, ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

“ಬರ್ತಾಳಂತೆ ಅಂತ ಹೇಳು ಮಗಳೇ. ಸಂದರ್ಭಾನುಸಾರ, ಯುಕ್ತ ಕಾಲದೊಳಗೆ.” ಮೊಣಕಾಲನ್ನು ತಟ್ಟಿ ತೋರಿಸಿದಳು. “ಸಂದರ್ಭ ಇದು.”

ಹುಡುಗಿ ಆ ಮಾತನ್ನು ಒಂದಕ್ಷರ ಬಿಡದೆ ಒಪ್ಪಿಸಿದಳು. ಅವಳ ಕೆಲಸದಲ್ಲಿ ಅಷ್ಟು ಖುಷಿ ಕೊಟ್ಟ ಅನುವಾದ ಇನ್ನೊಂದಿರಲಿಲ್ಲ. ಹತ್ತು ಪುಟಗಳನ್ನು ಎದೆಗೆ ಅವಚಿಕೊಂಡು ಸಾಹೇಬರೇ ಇಪ್ಪತ್ತೊಂದು ಮೆಟ್ಟಿಲು ಇಳಿದು ಬಂದರು. ದೊಡ್ಡಮ್ಮ ಏಳಲಿಲ್ಲ, ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟಳು. ಚೀಲದಿಂದ ಹಳೆಯ ಅರ್ಜಿ ತೆಗೆದು, ಮಡಿಕೆ ಬಿಡಿಸಿ, ಟಪಾಲು ವಿಭಾಗದ ಮೂಲೆಯಲ್ಲಿ ಕಂಪ್ಯೂಟರು ಸುಮ್ಮನೆ ಕೂತಿದೆ, ಈಗ ಕೈ ಹಚ್ಚಿದರೆ ಹನ್ನೆರಡರೊಳಗೆ ಮುಗಿದೀತು ಎಂದಳು, ನಾಳೆ ಮೋಡ ಇರಬಹುದು ಎನ್ನುವ ದನಿಯಲ್ಲಿ.

ಸಾಹೇಬರು ಗಡಿಯಾರ ನೋಡಿದರು. ಅರ್ಜಿ ನೋಡಿದರು. ಕೊನೆಗೆ ಆಕೆಯ ಪಕ್ಕದಲ್ಲೇ ಕೂತು, ಅರ್ಜಿಯನ್ನು ಮಂಡಿಯ ಮೇಲಿಟ್ಟುಕೊಂಡು ಅಂಚಿನಲ್ಲಿ ಬರೆದರು: ಕೆಳಮಹಡಿಯಲ್ಲಿ ಮೇಜನ್ನು ಫೋರ್ತ್‌ವಿತ್ ಒದಗಿಸತಕ್ಕದ್ದು.

ದೊಡ್ಡಮ್ಮ ಓದಿ, ಅರ್ಜಿಯನ್ನು ತಿರುಗಿ ಅವರ ಮಂಡಿಯ ಮೇಲೇ ಇಟ್ಟಳು.

“ಆ ಪದ ಬೇಡ ಸಾರ್. ಇವತ್ತು ಅಂತ ಬರೀರಿ.”

ಇಪ್ಪತ್ತೆಂಟು ವರ್ಷದ ಸರ್ವಿಸಿನಲ್ಲಿ ಸಾಹೇಬರು ‘ಇವತ್ತು’ ಎಂಬ ಪದವನ್ನು ಯಾವ ಕಡತದಲ್ಲೂ ಬರೆದಿರಲಿಲ್ಲ. ಪೆನ್ನು ಕಾಗದದ ಮೇಲೆ ಬಂದು ನಿಂತಿತು. ಅವರು ಮೆಲ್ಲಗೆ ಹುಡುಗಿಯ ಕಡೆ ತಿರುಗಿದರು.

“ಇದಕ್ಕೆ ಬೇರೆ ಅರ್ಥ ಏನಾದ್ರೂ ಇದ್ಯೇನಮ್ಮ?”