ಎರಡು ನಿಮಿಷದ ಕಡಲು

"ಅಳಿಸಿಬಿಟ್ರಾ?" ಮೇರೆನ್ ಕ್ಯಾಮೆರಾಗೆ ಕೈ ಹಾಕಿಯೇಬಿಟ್ಟಳು.

"ಇಲ್ಲಮ್ಮ, ಇದೆ. ಮೊದಲು ಕೈ ಬಿಡು, ಬೀಳುತ್ತೆ." ಮುದುಕ ಓರ್ವಿಲ್ ಟ್ರೈಪಾಡನ್ನು ಬಿಗಿಯಾಗಿ ಹಿಡಿದುಕೊಂಡ.

ಕಡಿದಾದ ದಂಡೆಯ ಮೇಲೆ ಎಂದಿನಂತೆ ಕ್ಯಾಮೆರಾದವರ ಸಾಲು. ಕೆಳಗೆ ಆರೆಗನ್ ಕಡಲು. ನೀರಿನಿಂದ ನೆಟ್ಟಗೆ ಎದ್ದ ಕರಿಬಂಡೆಗಳಲ್ಲಿ ಎಲ್ಲಕ್ಕಿಂತ ಎತ್ತರದ್ದು ಮಾಟಗಾತಿಯ ಬೆರಳು. ಹೋದ ತಿಂಗಳು ಅದರ ಬುಡದಲ್ಲಿ ಚಿತ್ರ ತೆಗೆಯುತ್ತಿದ್ದ ಮೇರೆನ್‌ಳ ಗಂಡ ಕೋಲ್ಬಿಯನ್ನು ಸುಳಿವಿಲ್ಲದೆ ನುಗ್ಗುವ ಕಳ್ಳ ಅಲೆಯೊಂದು ಎಳೆದುಕೊಂಡು ಹೋಗಿತ್ತು. ದೇಹ ಸಿಗಲಿಲ್ಲ.

ಅಲೆ ಬಂದಾಗ ಸೂರ್ಯ ಸರಿಯಾಗಿ ಬೆರಳಿನ ತುದಿಯಲ್ಲಿದ್ದ. ಆ ಹೊತ್ತಿನ ಒಂದು ಚಿತ್ರಕ್ಕಾಗಿ ಅವಳು ಕಂಡಕಂಡವರನ್ನು ಬೇಡುತ್ತಿದ್ದಳು. ಹೂಳುವುದಕ್ಕೂ ಏನೂ ಉಳಿಯದ ಅವನ ತಾಯಿಗೆ ಕೊನೆಯ ನೋಟವಾದರೂ ಇರಲಿ. ಸಿಕ್ಕ ಚಿತ್ರಗಳಲ್ಲೆಲ್ಲ ಸೂರ್ಯ ಇನ್ನೂ ಮೇಲಿದ್ದ, ಇಲ್ಲವೇ ಮುಳುಗಿದ್ದ.

"ನನ್ನದರಲ್ಲಿ ಸೂರ್ಯ ತುದಿಗೇ ಇದಾನೆ," ಎಂದ ಓರ್ವಿಲ್. "ಆದ್ರೆ ಆಸೆ ಇಟ್ಕೋಬೇಡ. ಲೆನ್ಸಿಗೆ ಕಪ್ಪು ಗಾಜು ಹಾಕಿ ಎರಡು ನಿಮಿಷ ತೆರೆದಿಟ್ಟ ಚಿತ್ರ. ಅಲೆಯೆಲ್ಲ ಹಾಲಾಗುತ್ತೆ, ಅಲ್ಲಾಡಿದವರು ಅಳಿಸಿ ಹೋಗ್ತಾರೆ, ಉದ್ದಕ್ಕೂ ಅಲ್ಲಾಡದೆ ನಿಂತವರು ಮಾತ್ರ ಉಳೀತಾರೆ. ಮೊಮ್ಮಕ್ಕಳ ಫೋಟೋ ಮಾತ್ರ ನೀನು ತೆಗೀಬೇಡ ಅಂತಾಳೆ ನನ್ನ ಹೆಂಡತಿ."

ಮೇರೆನ್ ನಗಲಿಲ್ಲ. "ಗೊತ್ತು. ಕೋಲ್ಬಿನೂ ಹಾಗೇ ತೆಗೀತಿದ್ದ. ಬಂಡೆಗೆ ಒರಗಿ ಕಲ್ಲಿನ ಹಾಗೆ ನಿಂತಿರ್ತಿದ್ದ. ಅವನು ಸಿಗ್ತಾನೆ."

"ನಾನು ನೋಡಬೇಕಿತ್ತು. ಬಟನ್ ಒತ್ತಿ, ಗಾಳಿಗೆ ಬೆನ್ನು ಮಾಡಿ ಕಾಫಿ ಹೀರ್ತಿದ್ದೆ. ಎರಡು ನಿಮಿಷ ಮುಗಿದು ತಿರುಗಿದಾಗ ನೀನು ಸೊಂಟದ ತನಕ ನೀರಲ್ಲಿ ಕಿರುಚ್ತಿದ್ದೆ."

ಅವಳ ಫೋನು ಬಡಿದುಕೊಂಡಿತು. ಅತ್ತೆ ಲೊರೇನ್.

"ಸಿಕ್ಕಿದ್ನಾ?"

"ಈಗ ನೋಡ್ತೀನಮ್ಮ."

"ಸಿಗದಿದ್ರೂ ಚಿಂತೆಯಿಲ್ಲ ಮಗಳೇ. ಅಲೆ ಬಂದ ತಕ್ಷಣ ಓಡಿದೆಯಲ್ಲ ನೀನು, ನನಗೆ ಅದೇ ಸಮಾಧಾನ. ಅದನ್ನೇ ನೆನೆಸಿಕೊಂಡು ನಿದ್ದೆ ಮಾಡ್ತೀನಿ."

ಓಡಿದ್ದಳು. ಒದ್ದೆ ಮರಳಿನಲ್ಲಿ ಕಾಲು ಹೂತದ್ದು, ಎದೆ ಉರಿದದ್ದು, ಎಲ್ಲವೂ ನೆನಪಿತ್ತು. ಆ ದಿನದ ಹಳದಿ ಮಳೆಕೋಟನ್ನು ಅವಳು ಇನ್ನೂ ಬಿಚ್ಚಿರಲಿಲ್ಲ. ಅದರ ತೋಳಿಗೆ ಉಪ್ಪು ಬಿಳಿಯಾಗಿ ಅಂಟಿತ್ತು.

"ಫೋನ್ ಇಡಬೇಡಿ ಅಮ್ಮ," ಎಂದಳು. "ತೋರಿಸಿ, ಓರ್ವಿಲ್."

ಓರ್ವಿಲ್ ಚಿತ್ರವನ್ನು ದೊಡ್ಡದು ಮಾಡಿದ. ಸೂರ್ಯ ಬೆರಳಿನ ತುದಿ ಮುಟ್ಟಿ, ತುಸು ಕೆಳಗೆ ಜಾರಿದ್ದ. ಕಡಲು ಹಾಲಾಗಿತ್ತು. ಬಂಡೆಯ ಬುಡ ಖಾಲಿ. ಅವನು ಚಿತ್ರವನ್ನು ಮೆಲ್ಲಗೆ ದಡದ ಕಡೆಗೆ ಸರಿಸಿದ. ಅವನ ಬೆರಳು ನಿಂತಿತು. ತೆರೆಗೆ ಅಂಗೈ ಅಡ್ಡ ಇಡಲು ಹೋದ. ಅವಳು ಆ ಕೈಯನ್ನು ತಳ್ಳಿದಳು.

"ಮೇರೆನ್? ಯಾರಾದ್ರೂ ಕಾಣ್ತಾರಾ?" ಫೋನಿನಲ್ಲಿ ಲೊರೇನ್ ಕೇಳುತ್ತಿದ್ದಳು.

ನೀರಿನಂಚಿನಲ್ಲಿ, ಹಳದಿ ಮಳೆಕೋಟು ತೊಟ್ಟು, ಗುಂಡಿಗಳನ್ನು ಎಣಿಸಬಹುದಾದಷ್ಟು ಸ್ಪಷ್ಟವಾಗಿ, ಮೇರೆನ್ ನಿಂತಿದ್ದಳು.