ಪಾಯದ ಮೇಲೆ ಕಪ್ಪು ಗುರುತು

ಪಾಯದ ಗುಂಡಿಗಿಳಿದು, ಕಾಂಕ್ರೀಟಿನ ಮೇಲಿನ ಒದ್ದೆ ಗೋಣಿಚೀಲವನ್ನು ಸರಿಸಿ ಯಲ್ಲಪ್ಪ ಮೇಸ್ತ್ರಿ ಬಗ್ಗಿ ನೋಡಿದ. ನಿನ್ನೆ ಎರಡು ಬಿರುಕು. ಇವತ್ತು ಐದು.

"ಎಣಿಸಿದ್ಯಾ?" ಗುಂಡಿಯ ಅಂಚಿನಿಂದ ಮನೆಯೊಡತಿ ನೀಲಗಂಗಮ್ಮ ಕೇಳಿದರು. ಹಣೆಗೆ ವಿಭೂತಿ, ತಲೆಗೆ ಶಾಲು. ಶ್ರೀಗಂಧದ ಕಾವಲು ಬಡಾವಣೆಯ ಡಿಸೆಂಬರ್ ಚಳಿಯೆಲ್ಲ ಅವರ ದನಿಯಲ್ಲೇ ಇತ್ತು. "ಸಿಮೆಂಟು ಹಾಕಿದ್ಯೋ, ಬರೀ ಬೂದಿ ಕಲಸಿದ್ಯೋ?"

"ಚಳಿಗೆ ಒಂದೊಂದ್ಸಲ ಹಿಂಗಾಗುತ್ತೆ ಅಮ್ಮಾ. ನೀರು ಸರಿಯಾಗಿ ಬಿತ್ತಾ?"

"ಚೆನ್ನಾಗಿ ಕೇಳ್ದೆ! 'ಹಸಿ ಕಾಂಕ್ರೀಟು, ಏಳು ದಿನ ಹಸುಗೂಸಿನ ಥರ ನೋಡ್ಕೊಳ್ಳಿ' ಅಂತ ಹೇಳಿ ನೀನು ಮಹಾಲಕ್ಷ್ಮಿ ಲೇಔಟ್ ಕಡೆ ಹೋದೆ. ನಾನು ಎರಡು ಹೊತ್ತೂ ತಪ್ಪದೆ ಎರೆದಿದ್ದೀನಿ, ಹೊದಿಸಿದ್ದೀನಿ. ನಾಳೆ ಇನ್ನೊಂದು ಬಿರುಕು ಕಂಡ್ರೆ ಯೋಗಾನಂದನ್ನ ಕರೀತೀನಿ. ಕೆಲಸ ಅವನಿಗೆ."

ಯೋಗಾನಂದ ಪಕ್ಕದ ಕ್ರಾಸಿನ ಮೇಸ್ತ್ರಿ. ಬೆಳಿಗ್ಗೆ ಟೀ ಅಂಗಡಿಯ ಮುಂದೆ ಹಲ್ಲು ಕಿರಿದಿದ್ದ: "ಏನ್ ಗುರು, ನಿನ್ ಪಾಯ ನಗ್ತಾ ಇದೆಯಂತೆ?"

ಯಲ್ಲಪ್ಪನಿಗೆ ನಗು ಬರಲಿಲ್ಲ. ಆ ಬೀದಿಯಲ್ಲಿ ನೀಲಗಂಗಮ್ಮನ ಮಾತಿಗೆ ಎದುರಿಲ್ಲ. ಬಾಣಂತಿಯರಿಗೂ ಕೂಸುಗಳಿಗೂ ಮೂವತ್ತು ವರ್ಷದಿಂದ ಅವರದೇ ಆರೈಕೆ. ಅವರನ್ನು ಕೇಳದೆ ಯಾರ ಮನೆಯಲ್ಲೂ ಗೋಡೆಗೆ ಮೊಳೆ ಬೀಳದು. ಅದರ ಮೇಲೆ, ಇದು ಹೋದ ವರ್ಷ ಶಿವೈಕ್ಯರಾದ ಯಜಮಾನರ ಹೆಸರಿಡಲಿರುವ ಮನೆ. ಇದರ ಪಾಯವೇ ಬಿರಿಯಿತೆಂದು ಅವರು ಒಂದು ಮಾತು ಆಡಿದರೆ ಸಾಕು, ಮಾಗಡಿ ರಸ್ತೆಯ ಈಚೆಗೆ ಯಲ್ಲಪ್ಪನನ್ನು ಕೆಲಸಕ್ಕೆ ಕರೆಯುವವರಿರುವುದಿಲ್ಲ.

ಆಗಲೇ ಅವನ ಕಣ್ಣಿಗೆ ಅದು ಬಿತ್ತು. ಕಾಂಕ್ರೀಟಿನ ಮೂಲೆಯಲ್ಲಿ ಹೆಬ್ಬೆರಳಗಲದ ಕಪ್ಪು ಗುರುತು. ಪಕ್ಕದಲ್ಲಿ ಚಿಟಿಕೆ ಬೂದಿ, ಒಂದು ಇದ್ದಿಲ ಚೂರು. ಬಗ್ಗಿ ಮೂಸಿದ. ಲೋಬಾನ! ಮಿಕ್ಕ ಮೂರು ಗುಂಡಿಗಳಿಗೂ ಇಳಿದು ನೋಡಿದ. ಎಲ್ಲದರಲ್ಲೂ ಅದೇ ಗುರುತು, ಅದೇ ಬೂದಿ.

ಸಂಜೆ ಹೆಂಡತಿ ದುರ್ಗವ್ವನಿಗೆ ಹೇಳಿದ. ಅವಳು ಕಸಬರಿಗೆ ಕೆಳಗಿಟ್ಟಳು.

"ಮಾಟ! ಆ ಯೋಗಾನಂದಂದ ಕೆಲಸ ಇದು."

"ಮಾಟಕ್ಕ ಕಾಂಕ್ರೀಟ್ ಬಿರೀತೈತೇನ? ಅದ ಹದದ್ದು ಮಹಾಲಕ್ಷ್ಮಿ ಲೇಔಟಿನ್ಯಾಗೂ ಹಾಕೀನಿ, ಅಲ್ಲೂ ಇದ ಚಳಿ. ಅಲ್ಲಿ ಕೂದಲೆಳಿಯಷ್ಟು ಬಿರುಕಿಲ್ಲ. ತಣ್ಣನ್ನ ಗಾಜಿನ ಲೋಟಕ್ಕ ಬಿಸಿ ಚಾ ಸುರದ್ರ ಸೀಳತೈತಲ್ಲ, ಹಂಗ ಸೀಳೈತಿ ಇದು."

"ಮತ್ತ ಇದ್ದಿಲ ಐತಿ ಅಂತೀರಿ! ಬೆಂಕಿ ಹಾಕ್ಯಾನ ಅಂವ. ನಾಳೆ ನಸುಕಿನ್ಯಾಗ ಹೋಗೂಣ. ಹಿಡದ ಬಿಡೂಣ."

ಬೆಳಗಿನ ಐದೂವರೆಗೆ ಗಂಡಹೆಂಡಿರು ಜಲ್ಲಿ ರಾಶಿಯ ಹಿಂದೆ ಕುಕ್ಕರಗಾಲಲ್ಲಿ ಕುಳಿತಿದ್ದರು. ಅವನ ಕೈಯಲ್ಲಿ ಮೊಬೈಲು, ಅವಳ ಕೈಯಲ್ಲಿ ಸಲಿಕೆ. ಮಂಜಿನಲ್ಲಿ ಎದುರಿನ ಲೈಟುಕಂಬವೂ ಕಾಣುತ್ತಿರಲಿಲ್ಲ.

"ಸಲಿಕೆ ಯಾಕ ತಂದೀ?"

"ಪೂಜಿ ಮಾಡಾಕ. ಸುಮ್ನ ಕುಂದರ್ರಿ."

ಮುಸುಕು ಹೊದ್ದವರು ಯಾರೋ ಬಂದರು. ಸೊಂಟದಾಳದ ಗುಂಡಿಗೆ ಇಟ್ಟಿಗೆಯ ಮೇಲೆ ಕಾಲಿಟ್ಟು ನಿಧಾನವಾಗಿ ಇಳಿದರು. ಗೋಣಿಚೀಲ ಸರಿದ ಸದ್ದು. ಗುಂಡಿಯಿಂದ ಬಿಳಿಯ ಹಬೆ ಭುಗ್ಗನೆ ಎದ್ದಿತು. ಆಮೇಲೆ ಕೆಂಡ ಹೊಳೆಯಿತು, ಲೋಬಾನದ ಹೊಗೆ ಜಲ್ಲಿ ರಾಶಿಯವರೆಗೂ ಬಂತು.

"ಸಿಕ್ಕಿಬಿದ್ದೆ ಮಗನೇ!" ಯಲ್ಲಪ್ಪ ಮೊಬೈಲಿನ ಟಾರ್ಚು ಹೊತ್ತಿಸಿ ಗುಂಡಿಯ ಅಂಚಿಗೆ ನೆಗೆದ. ದುರ್ಗವ್ವನ ಸಲಿಕೆ ಮೇಲೆದ್ದಿತು.

ಮುಸುಕು ತಿರುಗಿತು. ನೀಲಗಂಗಮ್ಮ. ಎಡಗೈಯಲ್ಲಿ ಹಬೆಯಾಡುವ ತಾಮ್ರದ ಚೆಂಬು, ಬಲಗೈ ಹೆಬ್ಬೆರಳಿನಲ್ಲಿ ಕಾಡಿಗೆ.

"ಮೆಲ್ಲಗೆ ಕಣೋ! ಹಸುಗೂಸಿನ ಥರ ನೋಡ್ಕೊಳ್ಳಿ ಅಂದೋನು ನೀನೇ ತಾನೆ? ಈ ಚಳೀಲಿ ಕೂಸಿಗೆ ಯಾರಾದ್ರೂ ತಣ್ಣೀರು ಎರೀತಾರಾ?"