ಮಂಟಪದ ಮಸಿ

ಹಂಪಿ ಬಜಾರಿನ ಕಲ್ಲುಮಂಟಪದ ಸೂರಿನತ್ತ ಕೈ ತೋರಿಸಿ ರಮಾ ಟೀಚರ್ ಹೇಳಿದರು: "ಆ ಕಪ್ಪು ನೋಡ್ರಿ. ಶತ್ರು ಸೈನ್ಯ ಊರು ಸುಟ್ಟ ಗುರುತು, ಇವತ್ತಿಗೂ ಹೋಗಿಲ್ಲ."

ಏಳನೇ ತರಗತಿಯ ಮಕ್ಕಳೆಲ್ಲ ತಲೆಯೆತ್ತಿ ನೋಡಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಸ್ಫೂರ್ತಿಯೂ ಬರೆದುಕೊಂಡಳು.

ಅದೇ ಮಂಟಪದಲ್ಲಿ ಅವಳ ಅಜ್ಜಿ ಮರುಳಸಿದ್ದಮ್ಮ ಮೂವತ್ತು ವರ್ಷ ಸಂಸಾರ ಮಾಡಿದ್ದಳು. ಸರ್ಕಾರದವರು ಬಜಾರು ಖಾಲಿ ಮಾಡಿಸಿದಾಗ ಹೊರಬಿದ್ದವಳು. ಆ ಮಸಿ ತನ್ನ ಒಲೆಯದೆಂದು ಮನೆಯಲ್ಲಿ ಎಷ್ಟೋ ಸಲ ಹೇಳಿದ್ದಳು. ಟೀಚರ ಮಾತು, ಅಜ್ಜಿಯ ಮಾತು ಎರಡನ್ನೂ ಸ್ಫೂರ್ತಿ ಹೇಗೋ ಹೊಂದಿಸಿಕೊಂಡಳು: ಒಳಗಿನ ಪದರ ಶತ್ರುಗಳದು, ಮೇಲಿನದು ಅಜ್ಜಿಯದು. ಆದರೆ ಅಜ್ಜಿ ಇಲ್ಲಿ ಇದ್ದಳೆಂದು ಶಾಲೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಮಂಟಪಗಳಲ್ಲಿ ಬಿಡಾರ ಹೂಡಿದವರೇ ಹಂಪಿಯನ್ನು ಹಾಳು ಮಾಡಿದರೆಂದು ಟೀಚರ್ ತರಗತಿಯಲ್ಲಿ ಹೇಳಿದ್ದರು.

ಈಗ ಅಲ್ಲೇ ಬುಟ್ಟಿ ಹಿಡಿದು ಶೇಂಗಾ ಮಾರುವ ಅಜ್ಜಿ, ಟೀಚರ ಮಾತು ಕೇಳಿ ನಗುತ್ತ ಹತ್ತಿರ ಬಂದಳು.

"ಅದು ನನ್ನ ಒಲಿ ಮಸಿ ರೀ ಟೀಚರಮ್ಮ. ಮಿರ್ಚಿ ಕರದು ಕರದು ಹಂಗಾಗೇತಿ. ಕಂಬಕ್ಕ ಬೆರಳು ಹಚ್ಚಿ ನೋಡ್ರಿ, ಇನ್ನಾ ಜಿಡ್ಡು ಐತಿ."

ಕಿರಣ್ ಕುಮಾರ್ ಕಂಬ ಉಜ್ಜಿ ಬೆರಳು ಮೂಸಿದ. "ಮಿಸ್, ಇಲ್ಲಿ ಬಜ್ಜಿ ಯುದ್ಧ ನಡದೈತ್ರಿ," ಎಂದ. ಎಲ್ಲರೂ ನಕ್ಕರು. ಟೀಚರ ಮುಖ ಬಿಗಿಯಿತು. ಅಜ್ಜಿ, ತಾನು ಸುಳ್ಳು ಹೇಳುತ್ತಿಲ್ಲ, ತನ್ನ ಮೊಮ್ಮಗಳೂ ಇವರ ಶಾಲೆಯಲ್ಲೇ ಓದುತ್ತಾಳೆ, ಇಲ್ಲೇ ಇದ್ದಾಳೆ, ಕೇಳಿ ಎಂದಳು. ಹೆಸರು ಹೇಳಲಿಲ್ಲ; ಅವಳೇ ಮುಂದೆ ಬರುತ್ತಾಳೆಂದು ಕಾದಳು.

"ಯಾರ ಅಜ್ಜಿ ಇವರು? ಕೈ ಎತ್ರಿ," ಎಂದರು ಟೀಚರ್.

ಸ್ಫೂರ್ತಿ ಪೆನ್ನಿನ ಮುಚ್ಚಳ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು. ಯಾರ ಕೈಯೂ ಮೇಲೇಳಲಿಲ್ಲ.

ಅಜ್ಜಿಯ ಕಣ್ಣು ಅವಳ ಮೇಲೆ ಒಂದು ಕ್ಷಣ ನಿಂತು, ಪಕ್ಕದ ಹುಡುಗಿಯತ್ತ ಸರಿಯಿತು.

"ನನ್ನ ಮೊಮ್ಮಗಳದು ಬ್ಯಾರೆ ಸಾಲಿ ಇರ್ಬೇಕ್ರಿ. ವಯಸ್ಸಾತು, ತಿಳಿಯಂಗಿಲ್ಲ. ಓದಿದವರು ನೀವು, ನೀವು ಹೇಳಿದ್ದೇ ಖರೆ."

ಟೀಚರಿಗೆ ಸಮಾಧಾನವಾಯಿತು. ಮಕ್ಕಳಿಗೆಲ್ಲ ಶೇಂಗಾ ಕೊಡಿಸಿದರು. ಅಜ್ಜಿ ಒಬ್ಬೊಬ್ಬರ ಊರು ಕೇಳುತ್ತ ಪೊಟ್ಟಣ ಕೊಡುತ್ತ ಬಂದಳು. ಹಲವರು ಹೊಸಪೇಟೆ ಎಂದರು, ಒಬ್ಬ ಕಮಲಾಪುರ ಎಂದ. ಸ್ಫೂರ್ತಿಯ ಮುಂದೆ ನಿಂತಾಗಲೂ ಅವಳ ದನಿ ಅಷ್ಟೇ ಮೆತ್ತಗಿತ್ತು.

"ನಿಂದು ಯಾವೂರವ್ವಾ?"